ಲೇತಿಗೆ ಸಿಗದ ಚಂದ್ರ

ಶೆಟ್ಟಿಕೊಪ್ಪ
10 ಜೂನ್ 2024

ರೇಣುಕಪ್ಪನವರಿಗೆ ತಾಹೇರಾ ಮಾಡುವ ನಮಸ್ಕಾರಗಳು.

ನನ್ನ ನೆನಪು ನಿಮಗಿದೆಯೋ ಇಲ್ಲವೋ. ಇಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದೆ ಮರ ಕಡೆಯುವ ನಿಮ್ಮ ಲೇತ್ ಅಂಗಡಿ ಇದ್ದ ಕಾಲದಲ್ಲಿ ನನ್ನ ಮಗಳ ತೊಟ್ಟಿಲಿಗೆ ಗುಂಡು ಕಡೆದುಕೊಟ್ಟವರು ನೀವೇ. ಮೊನ್ನೆ ಹುಡುಕಿಕೊಂಡು ಹೋದರೆ ಅಲ್ಲಿ ಮೊಬೈಲ್ ಕವರುಗಳನ್ನು ನೇತುಹಾಕಿದ್ದಾರೆ. ಪಕ್ಕದಲ್ಲಿ ಬೇಕರಿ ಇಟ್ಟಿರುವ ನನ್ನ ತಮ್ಮ ಅಸದ್ ಹೇಳಿದ, ನೀವು ಎರಡು ವರ್ಷದ ಹಿಂದೆಯೇ ಲೇತನ್ನು ಲಾರಿಗೆ ಹೇರಿಕೊಂಡು ಕೆರೆಕಟ್ಟೆಗೆ, ಮಗನ ಮನೆಗೆ ಹೋದಿರಂತೆ. ಫೋನ್ ನಂಬರ್ ಕೊಡು ಎಂದರೆ ನಕ್ಕ. ಅಲ್ಲಿ ಸಿಗ್ನಲ್ ಇಲ್ಲ, ಸಿಗ್ನಲ್ ಇದ್ದರೂ ನಲವತ್ತು ವರ್ಷ ಮೆಷಿನ್ ಸದ್ದು ಕೇಳಿ ನಿಮ್ಮ ಕಿವಿ ಹೋಗಿದೆ ಎಂದ. ಹಾಗಾಗಿ ಈ ಕಾಗದ. ಅಸದ್ ಇದನ್ನು ಶೃಂಗೇರಿ ಮೇಲೆ ಬರುವ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಾನೆ. ಉತ್ತರವನ್ನೂ ಹಾಗೆಯೇ ಅವನ ಬೇಕರಿಗೆ ಕಳಿಸಿ.

ವಿಷಯ ಇಷ್ಟು. ಮುಂದಿನ ಮೇ ತಿಂಗಳಲ್ಲಿ ನನಗೆ ನಿವೃತ್ತಿ. ಶಾಲೆಯಲ್ಲಿ ಮುರಿದ ಬೆಂಚು ತುಂಬಿದ್ದ ಒಂದು ಕೋಣೆಯನ್ನು ಖಾಲಿ ಮಾಡಿಸಿದ್ದೇನೆ. ಅದರ ಮಾಡಿಗೆ ಗ್ರಹಗಳನ್ನು ತೂಗುಹಾಕಬೇಕು. ಹೋಗುವ ಮೊದಲು ಇದೊಂದನ್ನು ಮಾಡಿ ಹೋಗೋಣ ಎನಿಸಿದೆ. ಉತ್ಸಾಹವೇನೂ ಅಲ್ಲ, ಹೇಳಿಬಿಟ್ಟಿದ್ದೇನೆ, ಮಾಡಬೇಕು. ಗ್ರಹಗಳನ್ನು ಕಾಗದ ಅಂಟಿಸಿ ಮಕ್ಕಳೇ ಮಾಡಿದ್ದಾರೆ. ಶನಿಗ್ರಹದ ಚಂದ್ರಗಳು ಮಾತ್ರ ಮರದವು ಬೇಕು, ಕೆಳಗಿಳಿಸಿ ಕೈಯಲ್ಲಿ ಹಿಡಿದು ನೋಡುವಂತಿರಬೇಕು. ಶನಿಗೆ ಚಂದ್ರಗಳು ನೂರಕ್ಕೂ ಹೆಚ್ಚು. ನನಗೆ ದೊಡ್ಡವು ನಾಲ್ಕು ಸಾಕು. ಒಂದು ಎಂಟು ಸೆಂಟಿಮೀಟರಿನದು, ಉಳಿದ ಮೂರು ನಾಲ್ಕರಿಂದ ಐದರ ಒಳಗೆ. ನುಣ್ಣಗೆ, ದುಂಡಗೆ.

ಆಗುತ್ತದೆಯೇ ತಿಳಿಸಿ.

ತಾಹೇರಾ


ಕೆರೆಕಟ್ಟೆ
28 ಜೂನ್ 2024

ತಾಹೇರಾ ಟೀಚರಿಗೆ ರೇಣುಕಪ್ಪನ ನಮಸ್ಕಾರ.

ನೆನಪಿಲ್ಲದೆ ಏನು. ಲಟ್ಟಣಿಗೆ ಕೊಳ್ಳಲು ಬಂದವರು ಅದನ್ನು ನನ್ನ ಗಾಜಿನ ಕೌಂಟರಿನ ಮೇಲೆ ಉರುಳಿಸಿ, ಬಗ್ಗಿ ಕಣ್ಣಿಟ್ಟು ನೋಡಿ, ‘ಇದು ನಡುವೆ ಎದ್ದಿದೆ, ಬೇರೆ ಕೊಡಿ’ ಎಂದು ಎರಡನ್ನು ಪಕ್ಕಕ್ಕಿಟ್ಟು ಮೂರನೆಯದನ್ನು ಒಯ್ದವರು ನೀವೊಬ್ಬರೇ. ಆವತ್ತು ಮನಸ್ಸಿನಲ್ಲೇ ನಿಮಗೆ ಸಾಕಷ್ಟು ಬೈದೆ. ನೀವು ಹೋದ ಮೇಲೆ ಅಳೆದು ನೋಡಿದೆ. ಎದ್ದಿತ್ತು.

ಕೆಲಸ ಆಗುತ್ತದೆ. ಹಾಲೆ ಮರದ ತುಂಡು ಒಣಗಿದ್ದು ಇದೆ. ಕರೆಂಟು ಹೋಗಿ ಇವತ್ತಿಗೆ ಆರು ದಿನ. ಬಂದ ಮೇಲೆ ಲೇತಿಗೆ ಕೂರುತ್ತೇನೆ. ಇಲ್ಲಿ ಬಂದ ಮೇಲೆ ಹೇಳಿಕೊಳ್ಳುವಂಥ ಕೆಲಸ ಯಾರೂ ತಂದಿರಲಿಲ್ಲ. ಮಗ ವಿಜಯ ಅರಣ್ಯ ಇಲಾಖೆಯಲ್ಲಿ ವಾಚರ್. ಬೆಳಗ್ಗೆ ಹೋದರೆ ಸಂಜೆಗೆ ಬರುತ್ತಾನೆ. ನಾನು ಜಗಲಿಯಲ್ಲಿ ಕೂತು ಮಳೆ ನೋಡುತ್ತೇನೆ. ನೋಡಿ ನೋಡಿ ಸಾಕಾಗಿದೆ.

ಬರೆಯುತ್ತಿರುವವಳು ಸೊಸೆ ಮೇಘನ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು, ಅದಕ್ಕೆ. ಶನಿ ಎಂದು ಬರೆಯುವಾಗ ಅವಳು ಪೆನ್ನು ನಿಲ್ಲಿಸಿದಳು. ‘ಎಂತಕ್ಕೆ ಮಾವ, ಸುಮ್ಮನಿದ್ದವನನ್ನು ಮನೆಗೆ ಕರೀತೀರಿ’ ಎಂದಳು. ‘ಹೆಗಲ ಮೇಲೆ ಅವನೇ ಕೂತು ವರ್ಷಗಳಾಯ್ತು ಮಾರಾಯ್ತಿ, ಅವನ ನಾಲ್ಕು ಮಕ್ಕಳು ನನಗೆ ಭಾರವಾ’ ಎಂದೆ.

ರೇಣುಕಪ್ಪ


ಕೆರೆಕಟ್ಟೆ
9 ಆಗಸ್ಟ್ 2024

ತಾಹೇರಾ ಟೀಚರಿಗೆ.

ನಾಲ್ಕೂ ಕಳಿಸಿದ್ದೇನೆ. ಹಳೆ ಬನಿಯನ್ನಿನಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟಿದೆ. ಪೆಟ್ಟಿಗೆಯನ್ನು ತಲೆಕೆಳಗೆ ಮಾಡಬೇಡಿ ಎಂದು ವಿಜಯ ಕಂಡಕ್ಟರಿಗೆ ಹೇಳಿದರೆ, ‘ಒಳಗೆ ಮೊಟ್ಟೆಯಾ’ ಎಂದನಂತೆ. ಹೇಗಿವೆ ಬರೆಯಿರಿ. ಕೊನೆಯದನ್ನು ಮುಗಿಸಿದ ಮರುದಿನವೇ ಲೇತಿನ ಬೆಲ್ಟ್ ಹರಿಯಿತು. ಶಿವಮೊಗ್ಗದಿಂದ ಹೊಸದು ಬರಬೇಕಂತೆ.

ರೇಣುಕಪ್ಪ

(ಇದೇ ಲಕೋಟೆಯೊಳಗೆ ಬೇರೆ ಚೀಟಿ)

ಟೀಚರ್, ಮಾವನಿಗೆ ಗೊತ್ತಾಗದ ಹಾಗೆ ಇದನ್ನು ಇಡುತ್ತಿದ್ದೇನೆ. ಅವರ ಬಲಗೈ ನಡುಗುತ್ತದೆ. ಕೊಪ್ಪದ ಅಂಗಡಿ ಮುಚ್ಚಿದ್ದೂ ಅದಕ್ಕೇ, ಆದರೆ ಯಾರ ಹತ್ತಿರವೂ ಹೇಳಿಕೊಳ್ಳುವುದಿಲ್ಲ. ಮೆಷಿನ್ ಮುಟ್ಟಿಸಬೇಡಿ ಎಂದು ಡಾಕ್ಟರು ನಮ್ಮ ಮನೆಯವರಿಗೆ ಹೇಳಿದ್ದಾರೆ. ಬೆಲ್ಟ್ ಹರಿದಿಲ್ಲ. ನಮ್ಮ ಮನೆಯವರೇ ಬಿಚ್ಚಿ ಅಟ್ಟದ ಮೇಲೆ ಇಟ್ಟಿದ್ದಾರೆ. ಗುಂಡುಗಳು ಸರಿಯಾಗಿಲ್ಲ, ನೋಡಿದರೆ ನಿಮಗೇ ತಿಳಿಯುತ್ತದೆ. ಆದರೂ ಚೆನ್ನಾಗಿವೆ ಎಂದು ಬರೆಯಿರಿ. ಇದೇ ಅವರ ಕೊನೆಯ ಕೆಲಸ. ಖುಷಿಯಲ್ಲಿ ಮುಗಿಯಲಿ ಎಂದು ನಮ್ಮಿಬ್ಬರ ಆಸೆ. — ಮೇಘನ


ಶೆಟ್ಟಿಕೊಪ್ಪ
17 ಆಗಸ್ಟ್ 2024

ರೇಣುಕಪ್ಪನವರಿಗೆ.

ಪೆಟ್ಟಿಗೆ ತಲುಪಿತು. ಬಹಳ ಚೆನ್ನಾಗಿ ಬಂದಿವೆ. ಮಕ್ಕಳು ಕೈಯಿಂದ ಕೈಗೆ ದಾಟಿಸಿ ನೋಡಿದರು. ತೂಗುಹಾಕಿದ್ದೂ ಆಯಿತು.

ಹೇಳಲು ಮರೆತಿದ್ದೆ, ನನ್ನ ಪಟ್ಟಿಯಲ್ಲಿ ಐದನೆಯದೂ ಒಂದಿತ್ತು. ಹೈಪೀರಿಯನ್ ಎಂದು ಹೆಸರು. ಶನಿಯ ಚಂದ್ರಗಳಲ್ಲಿ ಇದು ವಿಚಿತ್ರದ್ದು, ದುಂಡಗಿಲ್ಲ. ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು, ಮೈತುಂಬ ಗುಳಿ. ಹಾಗಾಗಿ ನೀವು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಹೇಗೆ ಬಂದರೂ ನಡೆಯುತ್ತದೆ. ಅವಸರವೂ ಇಲ್ಲ. ಬೆಲ್ಟ್ ಇಲ್ಲದಿದ್ದರೂ ಕೈಯಲ್ಲೇ ಮಾಡಬಹುದು ಎನಿಸುತ್ತದೆ.

ಮೇಘನಳಿಗೆ ನನ್ನ ನೆನಪು ಹೇಳಿ.

ತಾಹೇರಾ


ಕೆರೆಕಟ್ಟೆ
2 ಸೆಪ್ಟೆಂಬರ್ 2024

ತಾಹೇರಾ ಟೀಚರಿಗೆ.

ನಿಮ್ಮ ಕಾಗದವನ್ನು ನಾಲ್ಕು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಹೇಗೆ ಬಂದರೂ ನಡೆಯುತ್ತದೆ ಎಂದು ಬರೆದಿದ್ದೀರಿ. ಲಟ್ಟಣಿಗೆಯನ್ನು ಗಾಜಿನ ಮೇಲೆ ಉರುಳಿಸಿದವರೇ ಬರೆದಿರಾ ಈ ಮಾತು?

ನನ್ನ ಇಷ್ಟು ವರ್ಷದ ಕಸುಬಿನಲ್ಲಿ ಸೊಟ್ಟದ್ದು ಕೊಡಿ ಎಂದು ಯಾರೂ ಕೇಳಿರಲಿಲ್ಲ. ಮಂಚದ ಕಾಲು, ತೊಟ್ಟಿಲ ಗುಂಡು, ಬುಗುರಿ, ಮೆಟ್ಟಿಲ ಕಂಬಿ, ಯಾವುದೇ ಇರಲಿ, ದುಂಡು ಬೇಕು ಎಂದೇ ಜನ ನನ್ನಲ್ಲಿಗೆ ಬರುತ್ತಿದ್ದರು. ಸೊಟ್ಟದ್ದು ಬೇಕಾದರೆ ಕಾಡಿನಲ್ಲಿ ಬೇಕಾದಷ್ಟು ಬಿದ್ದಿರುತ್ತದೆ, ಒಂದನ್ನು ಎತ್ತಿಕೊಂಡು ತೂಗುಹಾಕಿ. ನನ್ನ ಹೆಸರು ಎಂತಕ್ಕೆ ಅದಕ್ಕೆ?

ಆಕಾಶದಲ್ಲಿ ಇಂಥದೊಂದು ಚಂದ್ರ ನಿಜವಾಗಿ ಇದೆಯೋ, ಅಥವಾ ನನಗಾಗಿ ನೀವೇ ಹುಟ್ಟಿಸಿದಿರೋ? ಯಾರಾದರೂ ನಿಮಗೆ ನನ್ನ ವಿಷಯ ಏನಾದರೂ ಹೇಳಿದ್ದರೆ ಅದನ್ನು ನೇರವಾಗಿ ಬರೆಯಿರಿ. ಬೇಲಿ ಹಾರಿ ಬರುವ ಉಪಕಾರ ನನಗೆ ಬೇಡ.

ರೇಣುಕಪ್ಪ


ಶೆಟ್ಟಿಕೊಪ್ಪ
11 ಸೆಪ್ಟೆಂಬರ್ 2024

ರೇಣುಕಪ್ಪನವರಿಗೆ.

ನಿಮ್ಮ ಮನಸ್ಸಿಗೆ ನೋವಾಯಿತು, ಕ್ಷಮಿಸಿ. ಯಾರೂ ಏನೂ ಹೇಳಿಲ್ಲ. ಐದನೆಯದು ಮೊದಲಿನಿಂದಲೂ ನನ್ನ ಪಟ್ಟಿಯಲ್ಲಿತ್ತು.

ಚಂದ್ರ ಇದೆ. ಬಾಹ್ಯಾಕಾಶ ನೌಕೆ ತೆಗೆದ ಚಿತ್ರವನ್ನು ಕೊಪ್ಪದಲ್ಲಿ ಪ್ರಿಂಟ್ ಹಾಕಿಸಿ ಇದರೊಂದಿಗೆ ಇಟ್ಟಿದ್ದೇನೆ. ನೋಡಿದರೆ ಹುಳ ತಿಂದ ಸುವರ್ಣಗಡ್ಡೆಯ ಹಾಗಿದೆ. ದೊಡ್ಡ ಚಂದ್ರಗಳನ್ನು ಅವುಗಳ ತೂಕವೇ ಒಳಗೆ ಎಳೆದು ದುಂಡಗೆ ಮಾಡುತ್ತದೆ, ಇದಕ್ಕೆ ಅಷ್ಟು ತೂಕವಿಲ್ಲ. ಒಳಗೆ ಅರ್ಧದಷ್ಟು ಬರೀ ಟೊಳ್ಳು. ಇನ್ನೂ ಒಂದು ವಿಶೇಷವಿದೆ. ನಮ್ಮ ಚಂದ್ರ ಯಾವಾಗಲೂ ಒಂದೇ ಮುಖ ತೋರಿಸುತ್ತದಲ್ಲ, ಇದು ಹಾಗಲ್ಲ. ಶನಿಯನ್ನು ಸುತ್ತುತ್ತ ಹೊರಳಾಡುತ್ತದೆ. ಇನ್ನು ಆರು ತಿಂಗಳಿಗೆ ಯಾವ ಮಗ್ಗುಲಾಗಿರುತ್ತದೆ ಎಂದು ಕಂಪ್ಯೂಟರಿಗೂ ಹೇಳಲಾಗದು.

ಅಳತೆ: ಉದ್ದ ಒಂಬತ್ತು ಸೆಂಟಿಮೀಟರ್, ಅಗಲ ಆರು ಪಾಯಿಂಟ್ ಆರು, ದಪ್ಪ ಐದು ಪಾಯಿಂಟ್ ಒಂದು. ಒಂದು ಸೆಂಟಿಮೀಟರಿಗೆ ನಲವತ್ತು ಕಿಲೋಮೀಟರ್ ಲೆಕ್ಕ. ಉಳಿದ ನಾಲ್ಕಕ್ಕೆ ಈ ಲೆಕ್ಕ ಹಿಡಿಯಲಿಲ್ಲ, ಹಿಡಿದಿದ್ದರೆ ದೊಡ್ಡದು ಕೋಣೆಯ ಬಾಗಿಲಲ್ಲಿ ನುಗ್ಗುತ್ತಿರಲಿಲ್ಲ. ಒಂದು ತುದಿಯಲ್ಲಿ ದೊಡ್ಡ ತಗ್ಗು ಇದೆ, ಚಿತ್ರದಲ್ಲಿ ಗುರುತು ಹಾಕಿದ್ದೇನೆ.

ತಾಹೇರಾ


ಕೆರೆಕಟ್ಟೆ
30 ಸೆಪ್ಟೆಂಬರ್ 2024

ತಾಹೇರಾ ಟೀಚರಿಗೆ.

ಚಿತ್ರ ನೋಡಿದೆ. ಇಲ್ಲದ್ದನ್ನು ಹುಟ್ಟಿಸಿದಿರಿ ಎಂದದ್ದು ತಪ್ಪಾಯಿತು. ಹೊರಳಾಡುವ ವಿಷಯ ನನಗೆ ಆಶ್ಚರ್ಯವಾಗಲಿಲ್ಲ. ನಡು ತಪ್ಪಿಸಿ ಮರವನ್ನು ಲೇತಿಗೆ ಸಿಕ್ಕಿಸಿದರೆ ಅದೇ ತರ ಕುಣಿಯುತ್ತದೆ, ಹೊಸದರಲ್ಲಿ ಒಂದು ಹಾರಿ ಬಂದು ನನ್ನ ಹಲ್ಲು ತೆಗೆದಿದೆ.

ಆದರೆ ಟೀಚರೇ, ಒಂದು ವಿಷಯ ನಿಮಗೆ ಗೊತ್ತಿಲ್ಲ. ದುಂಡು ಸುಲಭ. ಲೇತೇ ತಿರುಗಿಸಿ ತಿರುಗಿಸಿ ದುಂಡು ಮಾಡುತ್ತದೆ, ನಾನು ಉಳಿ ಕೊಟ್ಟು ನಿಂತರೆ ಮುಕ್ಕಾಲು ಕೆಲಸ ಅದರದ್ದೇ. ಈ ಚಂದ್ರ ಲೇತಿಗೆ ಸಿಗುವುದಿಲ್ಲ. ವೈಸಿನ ಇಕ್ಕಳದಲ್ಲಿ ಬಿಗಿದು, ಉಳಿ, ಅರ, ಉಪ್ಪುಕಾಗದ ಇಷ್ಟರಲ್ಲೇ ಮೂರು ಅಳತೆಯನ್ನೂ ತರಬೇಕು. ಪೂರಾ ಕೈಯದೇ ಕೆಲಸ. ನೀವು ಸುಲಭವಾಗಲಿ ಎಂದು ಕೊಟ್ಟಿರೋ ಏನೋ, ಇದಕ್ಕಿಂತ ಕಷ್ಟದ್ದು ನನಗೆ ಯಾರೂ ಕೊಟ್ಟಿಲ್ಲ.

ಮಾಡುತ್ತೇನೆ. ಅದಕ್ಕೆ ಮೊದಲು ಹಿಂದಿನ ನಾಲ್ಕನ್ನು ಒಮ್ಮೆ ಕಳಿಸಿ. ಐದನೆಯದು ಅವುಗಳ ಜೊತೆ ತೂಗಬೇಕಲ್ಲ, ಬಣ್ಣ, ಪಾಲಿಷ್ ಹೊಂದಿಸಬೇಕು. ಕೈಯಲ್ಲಿ ಹಿಡಿದು ನೋಡಿ ವಾಪಸ್ ಕೊಡುತ್ತೇನೆ.

ರೇಣುಕಪ್ಪ


ಕೆರೆಕಟ್ಟೆ
25 ನವೆಂಬರ್ 2024

ತಾಹೇರಾ ಟೀಚರಿಗೆ.

ಎರಡು ತಿಂಗಳಾಗುತ್ತಾ ಬಂತು. ನಾಲ್ಕೂ ಬರಲಿಲ್ಲ, ಕಾಗದವೂ ಇಲ್ಲ. ನಿಮ್ಮ ತಮ್ಮನ ಹತ್ತಿರ ಕೇಳಿಸಿದರೆ ‘ಅಕ್ಕ ಚೆನ್ನಾಗಿದ್ದಾಳೆ, ಪರೀಕ್ಷೆ ಪೇಪರ್ ತಿದ್ದುತ್ತಿದ್ದಾಳೆ’ ಎಂದನಂತೆ. ತೂಗುಹಾಕಿದ್ದನ್ನು ಇಳಿಸಲು ಏಣಿ ಬೇಕೇ?

ರೇಣುಕಪ್ಪ


ಶೆಟ್ಟಿಕೊಪ್ಪ
3 ಡಿಸೆಂಬರ್ 2024

ರೇಣುಕಪ್ಪನವರಿಗೆ.

ಏಣಿ ಬೇಡ. ನಿಮ್ಮ ನಾಲ್ಕೂ ಇಷ್ಟು ದಿನ ಶಾಲೆಯ ಬೀರುವಿನಲ್ಲೇ ಇದ್ದವು. ಅವನ್ನು ನಾನು ಒಂದು ದಿನವೂ ತೂಗುಹಾಕಲಿಲ್ಲ, ಮಕ್ಕಳಿಗೂ ತೋರಿಸಲಿಲ್ಲ. ಅಲ್ಲಿ ತೂಗುತ್ತಿರುವವು ಕೊಪ್ಪದಲ್ಲಿ ಕೊಂಡ ಪ್ಲಾಸ್ಟಿಕ್ ಚೆಂಡುಗಳು, ನಾನೇ ಬಣ್ಣ ಬಳಿದೆ.

ದೊಡ್ಡ ಗುಂಡು ಮೊಟ್ಟೆಯಾಕಾರಕ್ಕೆ ಹೋಗಿದೆ. ಒಂದರ ಮೇಲೆ ಉಳಿ ಆಳಕ್ಕೆ ಜಾರಿದೆ. ಉಳಿದೆರಡು ಪರವಾಗಿಲ್ಲ ಎನ್ನಬಹುದು, ಅಷ್ಟೇ. ಬಿಚ್ಚಿದ ಕೂಡಲೇ ಕಂಡಿತು. ನಿಮ್ಮ ಕೈಯ ವಿಷಯವೂ ಆಗಲೇ ತಿಳಿಯಿತು. ಹೇಳಿದವರ ಮೇಲೆ ಸಿಟ್ಟಾಗಬೇಡಿ, ನಿಮ್ಮ ಮೇಲಿನ ಪ್ರೀತಿಯಿಂದ ಹೇಳಿದ್ದು. ಚೆನ್ನಾಗಿದೆ ಎಂದು ಸುಳ್ಳು ಬರೆದವಳು ನಾನು. ಹೈಪೀರಿಯನ್ ನನ್ನ ಪಟ್ಟಿಯಲ್ಲಿ ಇರಲಿಲ್ಲ. ಚಂದ್ರ ನಿಜ, ಅದನ್ನು ನಿಮಗೆ ಕೊಟ್ಟ ಕಾರಣ ನಿಜವಲ್ಲ. ಕೈ ನಡುಗುವವರು ಮಾಡಿದರೂ ತಪ್ಪು ಕಾಣದ ಒಂದು ವಸ್ತು ಆಕಾಶದಲ್ಲಿ ಯಾವುದಿದೆ ಎಂದು ಹುಡುಕಿದೆ, ಅದು ಸಿಕ್ಕಿತು. ಸಿಕ್ಕಾಗ ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ ಎಂಬುದನ್ನೂ ಹೇಳಿಬಿಡುತ್ತೇನೆ.

ಎರಡು ತಿಂಗಳು ಉತ್ತರ ಬರೆಯದೆ ಕೂತಿದ್ದೆ. ಹೊಸ ಸುಳ್ಳೊಂದು ಹೊಳೆಯಲಿ ಎಂದು ಕಾದೆ, ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ನನಗೆ ದಣಿವಾಗಿದೆ ರೇಣುಕಪ್ಪನವರೇ. ಮೂವತ್ತೊಂದು ವರ್ಷ ಪಾಠ ಮಾಡಿದೆ. ಮೊದಲೆಲ್ಲ ತಪ್ಪು ಉತ್ತರ ಕಂಡರೆ ಮಗುವನ್ನು ಕರೆದು ಕೂರಿಸಿ ಮತ್ತೆ ಬರೆಸುತ್ತಿದ್ದೆ. ಈಗ ನಾಲ್ಕೈದು ವರ್ಷದಿಂದ ‘ಚೆನ್ನಾಗಿದೆ, ಹೋಗು’ ಎನ್ನುತ್ತೇನೆ. ಸರಿಯಿಲ್ಲ ಎನ್ನಲು ಮೈಯಲ್ಲಿ ಶಕ್ತಿ ಬೇಕು. ಚೆನ್ನಾಗಿದೆ ಎನ್ನುವುದಕ್ಕೆ ಏನೂ ಬೇಡ. ಮಕ್ಕಳಿಗೆ ಹೇಳಿ ಹೇಳಿ ಅದೇ ಬಾಯಿಗೆ ಬಂದಿದೆ, ನಿಮಗೂ ಅದನ್ನೇ ಬರೆದೆ.

ನಾಲ್ಕನ್ನೂ ಕಳಿಸಿದ್ದೇನೆ. ಐದನೆಯದನ್ನು ಮಾಡಬೇಕಾಗಿಲ್ಲ.

ತಾಹೇರಾ


ಕೆರೆಕಟ್ಟೆ
20 ಡಿಸೆಂಬರ್ 2024

ಟೀಚರಿಗೆ.

ಈ ಕಾಗದ ನಾನೇ ಬರೆಯುತ್ತಿದ್ದೇನೆ. ಮೂರು ದಿನದಿಂದ ಬರೆಯುತ್ತಿದ್ದೇನೆ. ಓದಲು ಆಗದಿದ್ದ ಕಡೆ ಊಹಿಸಿಕೊಳ್ಳಿ.

ಪೆಟ್ಟಿಗೆ ಬಂದ ದಿನ ಅಡುಗೆಮನೆಯಿಂದ ದೊಡ್ಡ ಸ್ಟೀಲ್ ಹರಿವಾಣ ತರಿಸಿ ನಾಲ್ಕನ್ನೂ ಅದರಲ್ಲಿ ಉರುಳಿಸಿದೆ. ದೊಡ್ಡದು ಎರಡು ಸುತ್ತು ಹೋಗಿ ಮಗ್ಗುಲಾಗಿ ಕೂತುಬಿಟ್ಟಿತು. ಮಗ, ಸೊಸೆ ಇಬ್ಬರೂ ನೋಡುತ್ತ ನಿಂತಿದ್ದರು. ‘ನೋಡ್ರಾ’ ಎಂದೆ. ವಿಜಯ, ‘ಬೆಲ್ಟ್ ಬರಲಿ ಅಪ್ಪ, ಆಮೇಲೆ ಸರಿ ಮಾಡಿದ್ರಾಯ್ತು’ ಎಂದು ಕೂಗಿ ಹೇಳಿದ. ‘ಬೆಲ್ಟ್ ಅಟ್ಟದ ಮೇಲೆ ಬೆಲ್ಲದ ಡಬ್ಬಿ ಹಿಂದೆ ಉಂಟು, ನಾನು ಆಗಸ್ಟಿನಲ್ಲೇ ನೋಡಿದ್ದೇನೆ ಮಾರಾಯ’ ಎಂದೆ. ಮೇಘನ ಒಳಗೆ ಹೋದಳು. ಆಮೇಲೆ ಬಂದು ಚೀಟಿಯ ವಿಷಯ ಹೇಳಿದಳು. ಬೈಯಲಿಲ್ಲ. ಅವಳಿಗೆ ಬೈದು ನನಗೆ ಅಭ್ಯಾಸವಿಲ್ಲ.

ನನ್ನ ಕೈ ಏನು ಮಾಡುತ್ತಿದೆ ಎಂದು ನನಗೆ ಗೊತ್ತಿಲ್ಲದೆ ಇರುತ್ತದೆಯೇ ಟೀಚರೇ? ಗುಂಡು ಲೇತಿನಿಂದ ಬಿಡಿಸಿದಾಗಲೇ ತಿಳಿಯಿತು. ಆದರೂ ಕಳಿಸಿದೆ. ಯಾಕೆ ಎಂದರೆ ನೀವು ಉರುಳಿಸಿ ನೋಡಿ ಪಕ್ಕಕ್ಕಿಡುವವರು. ಸರಿಯಿಲ್ಲ ಎಂದು ನಿಮ್ಮಿಂದ ವಾಪಸ್ ಬಂದರೆ ಆವತ್ತಿಗೆ ಸಾಕು ಮಾಡೋಣ ಎಂದುಕೊಂಡಿದ್ದೆ. ಇಲ್ಲಿ ಯಾರೂ ಹೇಳುವುದಿಲ್ಲ. ಲೋಟ ಬಿದ್ದರೆ ‘ನೆಲ ಜಾರ್ತದೆ’ ಅನ್ನುತ್ತಾರೆ. ಕೊಪ್ಪದಿಂದ ಕರೆದುಕೊಂಡು ಬರುವಾಗ ‘ನಿಮಗೆ ವಿಶ್ರಾಂತಿ ಬೇಕು’ ಅಂದರು. ಬೆಲ್ಟ್ ಹರಿಯಿತು ಅಂದರು. ನನ್ನ ಕೈ ಹೋಗಿದ್ದು ಊರಿಗೆಲ್ಲ ಗೊತ್ತು, ನನಗೆ ಮಾತ್ರ ಯಾರೂ ತಿಳಿಸಿಲ್ಲ. ನೀವಾದರೂ ತಿಳಿಸುತ್ತೀರಿ ಎಂದು ಪೆಟ್ಟಿಗೆ ಕಟ್ಟಿದರೆ ನೀವು ಬಹಳ ಚೆನ್ನಾಗಿ ಬಂದಿವೆ ಎಂದು ಬರೆದಿರಿ. ಆ ಸಾಲು ಓದಿ ನನಗೆ ಅಳು ಬಂತು. ಸಂತೋಷಕ್ಕಲ್ಲ.

ಕನಿಕರಪಟ್ಟದ್ದಕ್ಕೆ ನಿಮ್ಮ ಮೇಲೆ ಸಿಟ್ಟಿಲ್ಲ. ನಾನೂ ಎಷ್ಟೋ ಜನರಿಗೆ ಪಟ್ಟಿದ್ದೇನೆ.

ಐದನೆಯದನ್ನು ಮಾಡುತ್ತೇನೆ. ಬೇಡ ಎನ್ನಬೇಡಿ. ನನ್ನದೊಂದು ಷರತ್ತು. ಮುಗಿದ ಮೇಲೆ ನೀವು ಅಳೆಯಬೇಕು. ನನ್ನಿಂದ ಅಳೆಯಲು ಆಗುವುದಿಲ್ಲ, ಕ್ಯಾಲಿಪರ್ ಹಿಡಿದರೆ ಅದರ ಬಾಯಿ ಮರದ ಮೇಲೆ ನಿಲ್ಲುವುದಿಲ್ಲ. ಮನೆಯವರು ಅಳೆದರೆ ನನಗೆ ಬೇಕಾದ್ದನ್ನೇ ಹೇಳುತ್ತಾರೆ. ನೀವು ಅಳೆದು ಇದ್ದದ್ದು ಬರೆಯಿರಿ. ಎರಡು ಮಿಲಿಮೀಟರ್ ಹೆಚ್ಚುಕಮ್ಮಿ ಬಿಡಬಹುದು, ಅದಕ್ಕಿಂತ ಮೇಲೆ ಬಿಡಬೇಡಿ. ಸರಿಯಿದ್ದರೆ ತೂಗುಹಾಕಿ, ನಾನು ಮಗನ ಹತ್ತಿರ ಬೆಲ್ಟ್ ಕೇಳಿ ಹಾಕಿಸಿಕೊಳ್ಳುತ್ತೇನೆ. ಇಲ್ಲದಿದ್ದರೆ ತೂಗುಹಾಕಬೇಡಿ, ನಾನು ಲೇತನ್ನು ಕೊಟ್ಟುಬಿಡುತ್ತೇನೆ.

ರೇಣುಕಪ್ಪ


ಕೆರೆಕಟ್ಟೆ
14 ಮಾರ್ಚ್ 2025

ಟೀಚರಿಗೆ.

ಬರೆಯುತ್ತಿರುವವಳು ಮೇಘನ, ಕೈ ಬಹಳ ದಣಿದಿದೆ. ಚಂದ್ರವನ್ನೂ ಕ್ಯಾಲಿಪರನ್ನೂ ಕಳಿಸಿದ್ದೇನೆ. ಕ್ಯಾಲಿಪರ್ ನನ್ನ ಗುರುಗಳು ಕೊಟ್ಟದ್ದು, ಅದನ್ನು ವಾಪಸ್ ಕಳಿಸಿ.

ಒಟ್ಟು ಮೂರು ಮಾಡಿದೆ. ಎರಡು ಒಲೆಗೆ ಹೋದವು. ಬೆಳಗ್ಗೆ ತಿಂಡಿಯಾದ ಮೇಲೆ ಒಂದು ಗಂಟೆ ಕೈ ಸ್ವಲ್ಪ ಮಾತು ಕೇಳುತ್ತದೆ. ಅಷ್ಟು ಹೊತ್ತು ಅರ ಹಾಕುವುದು, ಉಳಿದ ದಿನವೆಲ್ಲ ಚಿತ್ರ ನೋಡುವುದು. ಸಣ್ಣ ಗುಳಿಗಳನ್ನು ಕಾಯಿಸಿದ ಕಬ್ಬಿಣದಿಂದ ಸುಟ್ಟು ಮಾಡಿದೆ. ನೋಡಿದರೆ ನನಗೆ ಸರಿಯೇ ಅನಿಸುತ್ತದೆ. ಆದರೆ ನನ್ನ ಕಣ್ಣಿಗೆ ಈಗ ಆಸೆ ಸೇರಿಕೊಂಡಿದೆ, ಅದರ ಮಾತು ನಂಬುವಂತಿಲ್ಲ.

ವಿಜಯ, ‘ಎಂತ ಚೆಂದ ಬಂದದೆ ಅಪ್ಪ’ ಎಂದ. ನಾನು ಅವನ ಮುಖ ನೋಡಲಿಲ್ಲ.

ರೇಣುಕಪ್ಪ

ಟೀಚರ್, ಇದು ನನ್ನ ಮಾತು, ಮಾವನಿಗೆ ಹೇಳಿಯೇ ಬರೆಯುತ್ತಿದ್ದೇನೆ. ನಾನು ಈ ಸಲ ಏನೂ ಕೇಳುವುದಿಲ್ಲ. — ಮೇಘನ


ಶೆಟ್ಟಿಕೊಪ್ಪ
22 ಮಾರ್ಚ್ 2025

ರೇಣುಕಪ್ಪನವರಿಗೆ.

ಪೆಟ್ಟಿಗೆ ಮಂಗಳವಾರ ಬಂತು. ಇವತ್ತು ಶನಿವಾರ. ನಾಲ್ಕು ದಿನವೂ ಅಳೆದೆ. ಒಂದು ದಿನ ನಾನೇ ತಪ್ಪಿರಬಹುದು ಎಂದು ಗಣಿತದ ಮೇಷ್ಟ್ರ ಕೈಯಲ್ಲಿ, ಯಾರದ್ದು ಏನೆಂದು ಹೇಳದೆ, ಅಳೆಸಿದೆ.

ಉದ್ದ ಒಂಬತ್ತು ಸೆಂಟಿಮೀಟರ್, ಸರಿಯಿದೆ. ಅಗಲ ಆರು ಪಾಯಿಂಟ್ ಏಳು, ನೀವು ಬಿಟ್ಟ ಹೆಚ್ಚುಕಮ್ಮಿಯೊಳಗೇ ಇದೆ. ದಪ್ಪ ಐದು ಪಾಯಿಂಟ್ ಒಂದು ಇರಬೇಕಾದದ್ದು ಒಂದು ತುದಿಯಲ್ಲಿ ಐದು ಪಾಯಿಂಟ್ ಎಂಟು ಇದೆ. ಏಳು ಮಿಲಿಮೀಟರ್ ಹೆಚ್ಚು. ದೊಡ್ಡ ತಗ್ಗಿನ ಅಂಚಿನಲ್ಲಿ ಉಳಿ ಜಾರಿದೆ. ಅದನ್ನು ಮುಚ್ಚಲು ನೀವು ಪಕ್ಕದಲ್ಲಿ ಇನ್ನೊಂದು ತಗ್ಗು ತೋಡಿದ್ದೀರಿ, ಚಿತ್ರದಲ್ಲಿ ಅಲ್ಲಿ ತಗ್ಗಿಲ್ಲ. ಗೊತ್ತಿಲ್ಲದವರಿಗೆ ಕಾಣುವುದಿಲ್ಲ. ನನಗೆ ಕಂಡಿತು.

ಸರಿಯಾಗಿಲ್ಲ ರೇಣುಕಪ್ಪನವರೇ. ತೂಗುಹಾಕಿಲ್ಲ.

ಇಷ್ಟು ಬರೆಯಲು ಬೆಳಗ್ಗೆಯಿಂದ ಕೂತಿದ್ದೇನೆ. ಬರೆಯುವಾಗ ಅತ್ತುಬಿಟ್ಟೆ, ಅದನ್ನು ಮುಚ್ಚಿಡುವುದಿಲ್ಲ. ಸಣ್ಣ ಗುಳಿಗಳು ಮಾತ್ರ ಚಿತ್ರದಲ್ಲಿ ಇದ್ದ ಹಾಗೆಯೇ ಇವೆ. ಇದು ಸಮಾಧಾನಕ್ಕೆ ಹೇಳುತ್ತಿರುವುದಲ್ಲ, ಅಳತೆಯಂತೆಯೇ ನೋಡಿ ಹೇಳುತ್ತಿದ್ದೇನೆ.

ಐದನೆಯದಕ್ಕೆಂದು ಮಾಡಿಗೆ ದಾರ ಕಟ್ಟಿದ್ದೆ, ಅದು ಖಾಲಿ ಇದೆ. ಎಂಟನೇ ಕ್ಲಾಸಿನ ನಿಶ್ಚಿತಾ ‘ಮಿಸ್, ಇಲ್ಲಿ ಎಂತ ಬರ್ತದೆ’ ಎಂದು ಕೇಳಿದಳು. ಹೈಪೀರಿಯನ್ ಬರಬೇಕಿತ್ತು, ಬಹಳ ಒಳ್ಳೆಯ ಕೆಲಸದವರಿಗೆ ಕೊಟ್ಟಿದ್ದೆ, ಅವರಿಗೂ ಆಗಲಿಲ್ಲ ಎಂದೆ. ಅಷ್ಟು ಕಷ್ಟವಾ ಅದು ಎಂದಳು. ಹೌದು ಎಂದೆ. ಆವತ್ತೇ ಅವಳ ಟೆಸ್ಟ್ ಪೇಪರಿನಲ್ಲಿ ತಪ್ಪಿದ್ದ ಎರಡು ಉತ್ತರಕ್ಕೆ ಕೆಂಪು ಗೀಟು ಹಾಕಿ ಎದುರು ಕೂರಿಸಿ ಮತ್ತೆ ಬರೆಸಿದೆ. ಮುಖ ಊದಿಸಿಕೊಂಡೇ ಬರೆದಳು.

ಕ್ಯಾಲಿಪರನ್ನು ಬಟ್ಟೆಯಲ್ಲಿ ಸುತ್ತಿ ಕಳಿಸಿದ್ದೇನೆ.

ತಾಹೇರಾ


ಕೆರೆಕಟ್ಟೆ
5 ಏಪ್ರಿಲ್ 2025

ಟೀಚರಿಗೆ.

ಕಾಗದ ಬಂತು. ಏಳು ಮಿಲಿಮೀಟರ್ ದೊಡ್ಡ ತಪ್ಪು. ಪಕ್ಕದ ತಗ್ಗನ್ನು ಹಿಡಿಯುತ್ತೀರೋ ಇಲ್ಲವೋ ಎಂದು ನನಗೆ ಅನುಮಾನವಿತ್ತು. ಹಿಡಿದಿರಿ.

ನಿಮ್ಮ ಕಾಗದವನ್ನು ಮನೆಯಲ್ಲಿ ನಾನೇ ಗಟ್ಟಿಯಾಗಿ ಓದಿದೆ. ವಿಜಯನಿಗೆ ಬೇಜಾರಾಯಿತು. ‘ಎಂತಕ್ಕೆ ಅವರು ಹಿಂಗೆ ಬರೀಬೇಕಿತ್ತು, ಒಂದು ಮಾತು ಚೆನ್ನಾಗಿದೆ ಅಂದಿದ್ರೆ ಅವರ ಗಂಟೇನು ಹೋಗ್ತಿತ್ತು’ ಎಂದ. ‘ನಾನೇ ಕೇಳಿ ಬರೆಸಿಕೊಂಡದ್ದು ಮಾರಾಯ’ ಎಂದೆ. ಅವನು ಬಂದು ನನ್ನ ಪಕ್ಕ ಕೂತ. ಆಮೇಲೆ ‘ಅಪ್ಪ, ಕೈ ಯಾವಾಗಿಂದ ಹಿಂಗಾಗಿದ್ದು’ ಎಂದು ಕೇಳಿದ. ಇಷ್ಟು ದಿನದಲ್ಲಿ ಮೊದಲ ಸಲ ಕೇಳಿದ್ದು. ಹೇಳಿದೆ. ಬಹಳ ಹೊತ್ತು ಹೇಳಿದೆ.

ಲೇತನ್ನು ನಿನ್ನೆ ಹರಿಹರಪುರದ ಬಡಗಿ ಬೂತಪ್ಪ ಜೀಪಿಗೆ ಹೇರಿಕೊಂಡು ಒಯ್ದ. ಎಲ್ಲೆಲ್ಲಿ ಎಣ್ಣೆ ಬಿಡಬೇಕು, ಯಾವ ಬೋಲ್ಟು ಬೇಗ ಸಡಿಲವಾಗುತ್ತದೆ ಎಲ್ಲ ತೋರಿಸಿದೆ. ತೋರಿಸುವಾಗ ಬೆರಳು ನಡುಗುತ್ತಿತ್ತು. ಅವನು ನೋಡಿದ, ನಾನು ತೋರಿಸಿಯೇ ತೋರಿಸಿದೆ.

ಜೀಪು ಹೋದ ಮೇಲೆ ಜಗಲಿಯಲ್ಲಿ ಮಲಗಿದೆ. ಮೂರು ವರ್ಷದಿಂದ ಬಲಗೈಯನ್ನು ತೊಡೆಯ ಕೆಳಗೆ ಅದುಮಿಕೊಂಡೇ ಇರುತ್ತಿದ್ದೆ, ಮಲಗಿದರೂ ಮೈಯಡಿಗೆ ಹಾಕಿಕೊಳ್ಳುತ್ತಿದ್ದೆ. ನಿನ್ನೆ ಅದು ಇದ್ದಲ್ಲೇ ಇರಲಿ ಎಂದು ಬಿಟ್ಟೆ. ಗಾಢ ನಿದ್ದೆ ಬಂತು.

ಏಳುವಾಗ ಸಂಜೆ. ಮೇಘನ ಕಾಫಿ ತಂದಳು. ಅವಳು ನನಗೆ ಯಾವಾಗಲೂ ಅರ್ಧ ಲೋಟವೇ ಕೊಡುವುದು, ಇನ್ನರ್ಧ ಆಮೇಲೆ ಮತ್ತೆ ತರುವುದು. ಯಾಕೆಂದು ಅವಳೂ ಹೇಳಿಲ್ಲ, ನಾನೂ ಕೇಳಿಲ್ಲ. ‘ತುಂಬ ಹಾಕು’ ಎಂದೆ. ನನ್ನ ಮುಖ ನೋಡಿ, ಒಳಗೆ ಹೋಗಿ ತುಂಬಿಸಿಕೊಂಡು ಬಂದಳು. ಪಂಚೆಯ ಮೇಲೆ ಚೆಲ್ಲಿಕೊಂಡು ಕುಡಿದೆ. ಅವಳು ಅಲ್ಲೇ ನಿಂತು, ‘ಚೆಲ್ತು ಮಾವ’ ಎಂದಳು.

ರೇಣುಕಪ್ಪ